ಕುಡುಗೋಲಿನ ಗಾಯಕ್ಕೆ ಜೇನೋ, ಅಯೋಡಿನ್ನೋ?

ಮಂಡ್ಯದಲ್ಲಿ ಕಬ್ಬು ಕಡಿಯುವಾಗ ಕೈ ಕೊಯ್ದುಕೊಂಡರೆ ಮೊದಲು ನೆನಪಾಗೋದು ಅಡುಗೆಮನೆಯ ಜೇನು, ಅಲ್ವಾ? ಅದು ಸುಮ್ನೆ ನಂಬಿಕೆಯಲ್ಲ. ಜೇನಿನಲ್ಲಿ ನೀರು ಸುಮಾರು ಶೇ 18 ಮಾತ್ರ, ಹುಳಿ ಗುಣ ಜಾಸ್ತಿ. ಗಾಯದ ತೇವ ತಾಗಿದರೆ ರೋಗಾಣು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪಸ್ವಲ್ಪವೇ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರೋದೂ ಕಡಿಮೆ.

ಆದರೆ ಡಬ್ಬಿಯ ಜೇನು ಬೇಡ. ಕಾಯಿಸಿದ್ದರೆ ಶಕ್ತಿ ಕುಂದಿರುತ್ತದೆ, ಹಸಿಯಾಗಿದ್ದರೆ ರೋಗಾಣುವಿನ ಬೀಜಕಗಳಿರಬಹುದು. ಗಾಮಾ ಕಿರಣ ಹಾಯಿಸಿ ರೋಗಾಣು ಕೊಂದ, ಗಾಯಕ್ಕೆಂದೇ ಮಾಡಿದ ಜೇನೇ ಬೇರೆ, ಬೆಲೆಯೂ ಜಾಸ್ತಿ. ಮೇಲ್ಮೈ ಸುಟ್ಟ ಗಾಯಕ್ಕೆ ನನ್ನ ಆಯ್ಕೆ ಅದೇ.

ಗಾಯಕ್ಕೆ ಹಚ್ಚುವ ರೋಗಾಣುನಾಶಕ ಪೊವಿಡೋನ್ ಅಯೋಡಿನ್ ಅಗ್ಗ, ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಗದ್ದೆಯ ಮಣ್ಣು ಹತ್ತಿದ ಗೀರಿಗೆ, ಚೆನ್ನಾಗಿ ತೊಳೆದು, ಇದನ್ನು ಹಚ್ಚಿ; ಟೆಟನಸ್ ಇಂಜೆಕ್ಷನ್ ಬೇಕಾ ಅಂತಲೂ ಡಾಕ್ಟರನ್ನು ಕೇಳಿ. ಥೈರಾಯ್ಡ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ.

ಕೊಯ್ತ ಆಳವಾಗಿದ್ದರೆ ಎರಡನ್ನೂ ಬಿಟ್ಟು ಆಸ್ಪತ್ರೆಗೆ ಹೋಗಿ. ಟೆಟನಸ್ ಇಂಜೆಕ್ಷನ್‌ನ ಕೆಲಸ ಜೇನು ಮಾಡೋಲ್ಲ.