ಚಪ್ಪಲಿ ಆರ್ಕಿಡ್‌ಗೆ ಯಾವ ಕುಂಡ, ಯಾವ ಊರು? ಶಿರಸಿ, ಕಾರವಾರದಲ್ಲಿ ಬೆಳೆಸಿ ನೋಡಿದ್ದು

2022ರ ಆಗಸ್ಟ್‌ನಲ್ಲಿ ಒಂದು ದಿನ ಜಗುಲಿಯಲ್ಲಿದ್ದ ಕುಂಡವೊಂದನ್ನು ಬೋರಲು ಹಾಕಿದೆ. ಒಳಗೆ ತುಂಬಿದ್ದ ಮಾಸ್, ಅಂದರೆ ನೀರು ಹಿಡಿದಿಡುವ ಒಣ ಪಾಚಿ, ಮುದ್ದೆಯಾಗಿ ಕೈಗೆ ಅಂಟಿತು. ಹಳೇ ಗದ್ದೆಯ ಕೆಸರಿನ ವಾಸನೆ. ಬೇರು ಹಿಡಿದು ಮೆಲ್ಲಗೆ ಎಳೆದರೆ ಕಂದು ಸಿಪ್ಪೆ ಬೆರಳಿಗೇ ಕಳಚಿ ಬಂತು, ಒಳಗಿನ ತೆಳು ದಾರ ಮಾತ್ರ ಗಿಡದಲ್ಲಿ ಉಳಿಯಿತು. ಹನ್ನೊಂದು ಬೇರು ಎಣಿಸಿದೆ, ಒಂದೂ ಗಟ್ಟಿ ಇರಲಿಲ್ಲ. ಆದರೆ ಎಲೆ ಇನ್ನೂ ಹಸಿರಾಗಿಯೇ ಇತ್ತು. ಚಪ್ಪಲಿ ಆರ್ಕಿಡ್ ಬೆಳೆಸುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಬೇರು ಸತ್ತು ಎಷ್ಟೋ ವಾರ ಆದಮೇಲೆ ಎಲೆಗೆ ಸುದ್ದಿ ಮುಟ್ಟುತ್ತದೆ.

ಆ ಗಿಡ ಉಳಿಯಲಿಲ್ಲ. ಆದರೆ ಅದರ ಜೊತೆ ತಂದ ಉಳಿದ ಐದು ಇವತ್ತಿಗೂ ಇವೆ.

ನಮ್ಮ ಕಡೆ ಆರ್ಕಿಡ್ ಅಂದರೆ ಮರದ ಮೇಲಿನ ಸೀತಾಳೆ. ಮಳೆ ಶುರುವಾಗುವ ಹೊತ್ತಿಗೆ ದಂಡೆಯ ಹಾಗೆ ಇಳಿಬಿದ್ದು ಹೂ ಬಿಡುತ್ತದಲ್ಲ, ಅದು. ಚಪ್ಪಲಿ ಆರ್ಕಿಡ್ ಬೇರೆಯದೇ ಜಾತಿ. ಹೂವಿನ ಕೆಳಗಿನ ಎಸಳು ಚೀಲದ ಹಾಗೆ, ಚಪ್ಪಲಿಯ ಮುಂಭಾಗದ ಹಾಗೆ ಉಬ್ಬಿರುತ್ತದೆ. ಹುಳ ಅದರೊಳಗೆ ಜಾರಿ ಬೀಳುತ್ತದೆ. ಬಂದ ದಾರಿಯಲ್ಲಿ ಹತ್ತಿ ಹೊರಬರಲು ಆಗುವುದಿಲ್ಲ. ಹಿಂದುಗಡೆಯ ಕಿರಿದಾದ ಸಂದಿಯಿಂದಲೇ ನುಸುಳಬೇಕು, ಆಗ ಪರಾಗ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಇಂಥ ಜಾತಿಯ ಯಾವುದೂ ನಮ್ಮ ಉತ್ತರ ಕನ್ನಡದ ಕಾಡಿನಲ್ಲಿಲ್ಲ. ದಕ್ಷಿಣ ಭಾರತಕ್ಕೆಲ್ಲ ಒಂದೇ ಒಂದು, ಹಳದಿ ಹೂವಿನ ಪಾಫಿಯೊಪೆಡಿಲಮ್ ಡ್ರೂರಿ. ಅದು ಇರುವುದು ಕೇರಳ–ತಮಿಳುನಾಡಿನ ಗಡಿಯ ಅಗಸ್ತ್ಯಮಲೆಯಲ್ಲಿ. ಜನ ಕಿತ್ತು ಕಿತ್ತು ಅದನ್ನು ಅಳಿವಿನ ಅಂಚಿಗೆ ತಂದಿದ್ದಾರೆ. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಡಿನಿಂದ ಕಿತ್ತ ಗಿಡ ಯಾರು ಕೊಟ್ಟರೂ ಬೇಡ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇವಕ್ಕಿದೆ. ಬೆಳೆಸುವುದಕ್ಕೂ ನಿಯಮಗಳಿವೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡು, ಪರವಾನಗಿ ಇರುವ ನರ್ಸರಿಯಿಂದ ಬಿಲ್ ಸಮೇತ ಮಿಶ್ರತಳಿ ತರಿಸಿ.

ನಾನು ತರಿಸಿದ್ದು ಎರಡು ಬಗೆ, 2021ರ ನವೆಂಬರ್‌ನಲ್ಲಿ. ಕಾಲಿಂಪಾಂಗ್ ಕಡೆಯಿಂದ ಕೊರಿಯರ್‌ನಲ್ಲಿ ಬಂದವು. ಮೂರು ಗಿಡ ಹಸಿರೆಲೆಯ ಲೀಯಾನಮ್. ಇದು ಈಶಾನ್ಯ ಭಾರತದ ಎರಡು ಜಾತಿಗಳಾದ ಇನ್ಸಿಗ್ನೆ ಮತ್ತು ಸ್ಪೈಸಿರಿಯಾನಮ್ ಸೇರಿ ಆದ ಹಳೇ ತಳಿ. ಇನ್ನು ಮೂರು ಚುಕ್ಕೆ ಎಲೆಯ ಮೌಡಿಯೆ ಬಗೆಯವು. ಮೂಲ ಮೌಡಿಯೆ 1900ರಷ್ಟು ಹಿಂದಿನ ಮಿಶ್ರತಳಿ. ಅದರ ಎಲೆ ನೋಡುವುದಕ್ಕೇ ಸಾಕಬಹುದು, ತಿಳಿ ಹಸಿರಿನ ಮೇಲೆ ಗಾಢ ಹಸಿರಿನ ಚೌಕಳಿ, ಹಾವಿನ ಪೊರೆಯ ಹಾಗೆ.

ಪ್ರತಿ ಬಗೆಯ ಒಂದೊಂದು ಗಿಡವನ್ನು ಒಂದೊಂದು ರೀತಿಯಲ್ಲಿ ನೆಟ್ಟೆ. ಮೊದಲನೆಯದು ಮಣ್ಣಿನ ಕುಂಡದಲ್ಲಿ ಸ್ಫ್ಯಾಗ್ನಮ್ ಮಾಸ್, ಎರಡನೆಯದು ಮಣ್ಣಿನ ಕುಂಡದಲ್ಲಿ ಇದ್ದಿಲು ಮತ್ತು ಒಡೆದ ಹಂಚಿನ ಚೂರು, ಮೂರನೆಯದು ಪ್ಲಾಸ್ಟಿಕ್ ಕುಂಡದಲ್ಲಿ ತೆಂಗಿನ ಸಿಪ್ಪೆಯ ಚೂರು ಮತ್ತು ಇದ್ದಿಲು. ಆರೂ ಪೂರ್ವದ ಜಗುಲಿಯಲ್ಲಿ, ಎಂಟು ಗಂಟೆಯ ನಂತರ ಬಿಸಿಲು ತಾಗದ ಜಾಗ. ಮಳೆ ನೇರ ಬೀಳದಂತೆ ಮೇಲೆ ಸೂರು ಇತ್ತು.

ಬೇಸಿಗೆಯಲ್ಲಿ ಮಾಸ್ ಗೆದ್ದಿತು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದರೂ ಸಾಕಿತ್ತು, ಎರಡೂ ಗಿಡ ಹೊಸ ಎಲೆ ಬಿಟ್ಟವು. ಇದ್ದಿಲು–ಹಂಚಿನ ಕುಂಡ ಬೆಳಿಗ್ಗೆ ನೀರು ಕುಡಿದು ಮಧ್ಯಾಹ್ನಕ್ಕೆ ಒಣ ಆಗುತ್ತಿತ್ತು. ಲೀಯಾನಮ್ ಎಲೆ ಸುಕ್ಕುಗಟ್ಟಿತು. ಸೀತಾಳೆಯ ದಪ್ಪ ಬೇರು ಹೊರಗೇ ಇದ್ದು ಒಣಗಿದರೂ ಬದುಕುತ್ತದೆ. ಚಪ್ಪಲಿ ಆರ್ಕಿಡ್‌ಗೆ ನೀರು ಕೂಡಿಡುವ ಗಡ್ಡೆಯಂಥ ಕಾಂಡ ಇಲ್ಲ. ಇದ್ದದ್ದು ಕೆಲವೇ ಬೇರು, ಕಂದು ರೋಮ ತುಂಬಿದ್ದು. ಪೂರ್ತಿ ಒಣಗಿದರೆ ಕಷ್ಟ.

ಆಮೇಲೆ ಮಳೆ ಬಂತು. ಜೂನ್ ಅರ್ಧದಿಂದ ಆಗಸ್ಟ್ ಕೊನೆವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಚ್ಚಲೊಲೆ ಮೇಲೆ ಹಗ್ಗ ಕಟ್ಟಬೇಕು. ಮಾಸ್ ಎಲ್ಲಿಂದ ಒಣಗೀತು? ನಾನು ಒಂದು ಹನಿ ನೀರು ಹಾಕಿರಲಿಲ್ಲ. ಗಾಳಿಯ ತೇವ ಕುಡಿದೇ ಅದು ಹಸಿಯಾಗಿ ಉಳಿಯಿತು. ನೀರು ನಿಂತ ಕಡೆ ಗಾಳಿ ಇಲ್ಲ, ಗಾಳಿ ಇಲ್ಲದ ಕಡೆ ಬೇರು ಕೊಳೆಯುತ್ತದೆ. ಮೊದಲು ಹೇಳಿದ ಲೀಯಾನಮ್ ಹಾಗೇ ಸತ್ತಿತು. ಮಾಸ್‌ನಲ್ಲಿದ್ದ ಮೌಡಿಯೆಯನ್ನು ಅದೇ ದಿನ ಬಿಚ್ಚಿದೆ, ಎರಡು ಬೇರು ಉಳಿದಿದ್ದವು. ಸಿಪ್ಪೆ–ಇದ್ದಿಲಿಗೆ ಬದಲಾಯಿಸಿ, ಬುಡ ಅಲ್ಲಾಡದಂತೆ ಕಡ್ಡಿ ಕಟ್ಟಿದೆ. ಚೇತರಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು.

ಅದೇ ಮಳೆಯಲ್ಲಿ ಇದ್ದಿಲು–ಹಂಚಿನ ಗಿಡಗಳು ಖುಷಿಯಾಗಿದ್ದವು. ಬೇಸಿಗೆಯ ಸುಕ್ಕು ಹೋಗಿ ಎಲೆ ಬಿಗಿಯಾಯಿತು. ಅಂದರೆ ಒಂದು ಬೇಸಿಗೆಗೆ, ಇನ್ನೊಂದು ಮಳೆಗಾಲಕ್ಕೆ. ವರ್ಷಕ್ಕೆ ಎರಡು ಸಲ ಕುಂಡ ಬದಲಾಯಿಸೋಕೆ ಆಗುತ್ತಾ?

ಹಾಗಾಗಿ ನನ್ನ ಆಯ್ಕೆ ಮೂರನೆಯದು, ಪ್ಲಾಸ್ಟಿಕ್ ಕುಂಡದ ಸಿಪ್ಪೆ–ಇದ್ದಿಲು. ಎರಡು ಕಾಲದಲ್ಲೂ ಅದು ಮೊದಲ ಸ್ಥಾನ ಪಡೆಯಲಿಲ್ಲ, ಆದರೆ ಯಾವ ಕಾಲದಲ್ಲೂ ಗಿಡವನ್ನು ಕೈಬಿಡಲಿಲ್ಲ. ಸಿಪ್ಪೆ ತೇವ ಹಿಡಿಯುತ್ತದೆ, ಚೂರುಗಳ ನಡುವೆ ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ ಅಂದರೆ ಕೆಲವರಿಗೆ ಇಷ್ಟ ಆಗುವುದಿಲ್ಲ, ನನಗೂ ಮಣ್ಣಿನ ಕುಂಡವೇ ಚಂದ. ಆದರೆ ಬೇಸಿಗೆಯಲ್ಲಿ ಮಣ್ಣಿನ ಕುಂಡ ಪಕ್ಕದಿಂದಲೂ ನೀರು ಎಳೆದು ಆರಿಸುತ್ತದೆ. ಪ್ಲಾಸ್ಟಿಕ್‌ಗೆ ಕಬ್ಬಿಣದ ಸರಳು ಕಾಯಿಸಿ ಪಕ್ಕದಲ್ಲಿ ಎಂಟು, ತಳದಲ್ಲಿ ಆರು ತೂತು ಮಾಡಿದೆ. ಮಳೆಗಾಲಕ್ಕೆ ಅದು ಬಹಳ ಸಹಾಯ.

ಸಿಪ್ಪೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲಿ. ಕಾಯಿ ಸುಲಿದ ಹಸಿ ಸಿಪ್ಪೆಯನ್ನು ಹಾಗೇ ತುಂಬಬಾರದು. ಅದರಲ್ಲಿ ಉಪ್ಪಿನ ಅಂಶ, ಕಂದು ಚೊಗರು ಎಲ್ಲ ಇರುತ್ತದೆ. ಒಣಗಿದ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಷ್ಟು ಚೂರು ಮಾಡಿ, ಬಕೆಟ್‌ನಲ್ಲಿ ನೆನೆಸಿ, ದಿನಾ ನೀರು ಬದಲಾಯಿಸಿ. ಮೊದಲ ದಿನ ನೀರು ಕಷಾಯದ ಬಣ್ಣ, ಐದನೇ ದಿನಕ್ಕೆ ತಿಳಿ ಚಹಾ, ಎಂಟನೇ ದಿನಕ್ಕೆ ಹೆಚ್ಚುಕಡಿಮೆ ಬರೀ ನೀರು. ಆಗ ತೆಗೆದು ಆರಿಸಿ. ಪುಡಿ ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲದಿದ್ದರೆ ಅದು ತಳಕ್ಕೆ ಇಳಿದು ಕೆಸರಾಗುತ್ತದೆ. ಎರಡು ಪಾಲು ಸಿಪ್ಪೆಗೆ ಒಂದು ಪಾಲು ಇದ್ದಿಲು ನನ್ನ ಲೆಕ್ಕ. ನಮ್ಮ ಹವೆಗೆ ಸಿಪ್ಪೆ ಬೇಗ ಕರಗುತ್ತದೆ, ಪ್ರತಿ ವರ್ಷ ಮಳೆ ಮುಗಿದ ಮೇಲೆ ಹೊಸದಾಗಿ ತುಂಬುತ್ತೇನೆ. ಗೊಬ್ಬರ ತೀರಾ ಕಡಿಮೆ. 19:19:19 ಪುಡಿ ಲೀಟರ್‌ಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ.

ಹಿಮ ಬೀಳುವ ದೇಶದವರು ಅಂಗಳದಲ್ಲೇ ಬೆಳೆಸುವ ಚಪ್ಪಲಿ ಆರ್ಕಿಡ್ ನಮ್ಮಲ್ಲಿ ಬರುತ್ತದಾ ಅಂತ ಕೆಲವರು ಕೇಳಿದ್ದಾರೆ. ಅದು ಸಿಪ್ರಿಪೀಡಿಯಮ್. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲೂ ಇದೆ. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿ ಮೊಗ್ಗು ಮಣ್ಣಿನೊಳಗೆ ಮಲಗುತ್ತದೆ. ಹಾಗೆ ಮಲಗಲು ಸುಮಾರು ಮೂರು ತಿಂಗಳು 5 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಮ್ಮ ಜಗುಲಿಯ ಥರ್ಮಾಮೀಟರ್ ನಾಲ್ಕು ವರ್ಷದಲ್ಲಿ 12ಕ್ಕಿಂತ ಕೆಳಗೆ ಇಳಿದಿಲ್ಲ. ಫ್ರಿಜ್‌ನಲ್ಲಿ ಗೆಡ್ಡೆ ಇಟ್ಟು ಮಲಗಿಸುವವರು ಇದ್ದಾರೆ, ಆದರೆ ನಮ್ಮ ಏಪ್ರಿಲ್ ಬಿಸಿಗೆ ಅದರ ಬೇರು ಬೇಯುತ್ತದೆ. ಆ ಗಿಡಕ್ಕೆ ಹಿಂಸೆ ಕೊಡಲು ಮನಸ್ಸಾಗಲಿಲ್ಲ. ಆದರೆ ಅದನ್ನು ಕುಂಡದಲ್ಲಿ ಬೆಳೆಸುವವರು ಏನು ತುಂಬುತ್ತಾರೆ ಅಂತ ಓದಿದಾಗ ಖುಷಿಯಾಯಿತು. ಪರ್ಲೈಟ್, ಪ್ಯೂಮಿಸ್ ಕಲ್ಲಿನ ಚೂರು, ದಪ್ಪ ಮರಳು. ಅಗಲವಾದ, ಆಳ ಕಡಿಮೆ ಇರುವ ಕುಂಡ. ಅಲ್ಲೂ ಬೇರಿಗೆ ಗಾಳಿಯದೇ ಚಿಂತೆ. ಅತ್ತೆಗೆ ಹೇಳಿದೆ. "ಸೀತಾಳೆ ಮಣ್ಣಲ್ಲಿ ನೆಟ್ರೆ ಬದುಕ್ತದಾ? ನಂಗೆ ಮೊದ್ಲೇ ಕೇಳಿದ್ರೆ ಹೇಳ್ತಿದ್ದೆ" ಅಂದರು.

ಕುಂಡದ ಪ್ರಶ್ನೆ ಮುಗಿಯಿತು, ಊರಿನ ಪ್ರಶ್ನೆ ಉಳಿಯಿತು. 2022ರ ನವೆಂಬರ್‌ನಲ್ಲಿ ಇದ್ದಿಲು–ಹಂಚಿನ ಎರಡು ಗಿಡಗಳನ್ನೂ ಸಿಪ್ಪೆ–ಇದ್ದಿಲಿಗೆ ಬದಲಾಯಿಸಿ, ಅಡಿಕೆ ಹಾಳೆಯಲ್ಲಿ ಸುತ್ತಿ, ದೇವಿಮನೆ ಘಟ್ಟ ಇಳಿದು ಬಸ್ಸಿನಲ್ಲಿ ಕಾರವಾರಕ್ಕೆ ಒಯ್ದೆ. ತಂಗಿಯ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಹತ್ತಿರ. ಈಗ ಕುಂಡ ಒಂದೇ, ಮಿಶ್ರಣ ಒಂದೇ. ನಮ್ಮ ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಅವಳ ಮನೆ ಸಮುದ್ರದ ಪಕ್ಕ. ಅಷ್ಟೇ ವ್ಯತ್ಯಾಸ.

ಮೌಡಿಯೆಗೆ ಕಾರವಾರ ತವರಾಯಿತು. ಎರಡು ಹಿಳ್ಳು ಇದ್ದದ್ದು ಮೂರು ವರ್ಷಕ್ಕೆ ಐದಾಯಿತು. ಈ ಗಿಡದಲ್ಲಿ ಒಂದು ಹಿಳ್ಳು ಒಂದೇ ಸಲ ಹೂ ಬಿಡುವುದು, ಹಿಳ್ಳು ಹೆಚ್ಚಾದಷ್ಟೂ ಹೂ. 2024ರಲ್ಲಿ ಫೆಬ್ರವರಿಯಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಬಿಟ್ಟಿತು. ನನ್ನ ಹತ್ತಿರ ಇರುವ ಅದರದ್ದೇ ಜೊತೆಯದು ಚಳಿಗಾಲದಲ್ಲಿ ಸುಮ್ನೆ ಕೂತುಬಿಡುತ್ತದೆ, ವರ್ಷಕ್ಕೆ ಒಂದೇ ಹೂ. ಹೂ ಮಾತ್ರ ಎರಡು ಕಡೆಯೂ ಒಂದೂವರೆ ತಿಂಗಳು ಬಾಡದೆ ನಿಂತಿತು.

ಅಲ್ಲಿ ತೊಂದರೆಯೂ ಬಂತು. ಮೊದಲ ಏಪ್ರಿಲ್‌ನಲ್ಲಿ ಎರಡೂ ಗಿಡದ ಎಲೆ ತುದಿ ಕಪ್ಪಾಗತೊಡಗಿತು. ಬಾವಿ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ, ಅದೇ ಕಾರಣ. ಈಗ ಮಳೆ ನೀರನ್ನು ಮುಚ್ಚಳದ ಡ್ರಮ್‌ನಲ್ಲಿ ತುಂಬಿಡುತ್ತಾಳೆ, ಎರಡು ಕುಂಡಕ್ಕೆ ಧಾರಾಳ ಸಾಕು. ಇನ್ನೊಮ್ಮೆ ಜುಲೈನಲ್ಲಿ ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿ ಮೌಡಿಯೆಯ ಸುಳಿಯಲ್ಲಿ ನಿಂತಿತು. ಎರಡೇ ದಿನದಲ್ಲಿ ಎಲೆಯ ಬುಡದಲ್ಲಿ ಕಂದು ನೀರು ಗುಳ್ಳೆ, ಕೆಟ್ಟ ವಾಸನೆ. "ಅಕ್ಕಾ, ಬೇಗ ಹೇಳು, ಎಂತ ಮಾಡ್ಲಿ?" ಅಂತ ಫೋನ್. ಚಾಕು ಕಾಯಿಸಿ ಕೊಳೆತ ಜಾಗಕ್ಕಿಂತ ಒಂದು ಬೆರಳು ಕೆಳಗೆ ಕೊಯ್ದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಲು ಹೇಳಿದೆ. ಪುಡಿ ಬೇರಿಗೆ ತಾಗಬಾರದು, ಅದನ್ನೂ ಒಣಗಿಸುತ್ತದೆ. ಆ ಹಿಳ್ಳು ಹೋಯಿತು, ಗಿಡ ಉಳಿಯಿತು. ಸುಳಿಯಲ್ಲಿ ರಾತ್ರಿ ನೀರು ನಿಲ್ಲಬಾರದು. ಇದು ಎರಡೂ ಊರಿಗೆ ಹೊಂದುವ ಮಾತು.

ಲೀಯಾನಮ್ ಕಥೆ ತಿರುವುಮುರುವು. ಕಾರವಾರದಲ್ಲಿ ಎಲೆ ಮೊಳಕೈಯಷ್ಟು ಉದ್ದ, ಕಡು ಹಸಿರು, ನೋಡಿದವರೆಲ್ಲ ಎಷ್ಟು ಚಂದ ಅನ್ನುವ ಹಾಗೆ. ಮೂರು ಚಳಿಗಾಲ ಕಳೆದರೂ ಒಂದು ಮೊಗ್ಗಿಲ್ಲ. ಶಿರಸಿಯಲ್ಲಿದ್ದದ್ದು ಅದಕ್ಕಿಂತ ಸಣ್ಣ ಗಿಡ, ಮೂರು ಚಳಿಗಾಲವೂ ಹೂ ಬಿಟ್ಟಿತು. ಬಿಳಿ ಕೊಡೆಯ ಹಾಗಿನ ಮೇಲೆಸಳು, ಅದರ ನಡುವೆ ನೇರಳೆ ಗೆರೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಂದು ಚೀಲ. ಹಸಿರೆಲೆಯ ಈ ಬಗೆಗೆ ಮೊಗ್ಗು ಕಟ್ಟಲು ಚಳಿಯ ರಾತ್ರಿ ಬೇಕು, 12–14 ಡಿಗ್ರಿ ಆದರೂ ಆಗಬೇಕು. ತಂಗಿಯ ಮನೆಯಲ್ಲಿ ಜನವರಿಯಲ್ಲೂ ನಾವು ನೋಡಿದ ಅತಿ ಕಡಿಮೆ 19. ಎಷ್ಟು ಆರೈಕೆ ಮಾಡಿದರೂ ಅದನ್ನು ತುಂಬಿಕೊಡಲು ಬರುವುದಿಲ್ಲ.

ಹಾಗಾಗಿ ಕರಾವಳಿಯವರು ಚುಕ್ಕೆ ಎಲೆಯದನ್ನೇ ತನ್ನಿ. ಕುಮಟಾ, ಅಂಕೋಲಾ, ಹೊನ್ನಾವರ ಎಲ್ಲಕ್ಕೂ ಇದೇ ಮಾತು. ಘಟ್ಟದ ಮೇಲಿನವರು ಎರಡೂ ಇಡಬಹುದು, ಆದರೆ ಒಂದೇ ತರುವುದಾದರೆ ಹಸಿರೆಲೆಯದು. ಎರಡು ಕಡೆಯೂ ಮಾಸ್ ಬೇಡ.

ತಂಗಿ ಒಂದು ಹೊಸತು ಮಾಡಿದ್ದಾಳೆ. ಬಳಚಿನ (ಕಪ್ಪೆಚಿಪ್ಪಿನ ಒಂದು ಬಗೆ) ಚಿಪ್ಪು ತೊಳೆದು, ಜಜ್ಜಿ, ಒಂದು ಚಮಚದಷ್ಟು ಕುಂಡದ ಮೇಲೆ ಉದುರಿಸುತ್ತಾಳೆ. ಸಿಪ್ಪೆ ಕರಗುತ್ತಾ ಹುಳಿ ಆಗುವುದನ್ನು ಸುಣ್ಣದ ಅಂಶ ತಡೆಯುತ್ತದೆ. ನಾನೂ ಈ ವರ್ಷ ಶುರು ಮಾಡಿದ್ದೇನೆ, ಫಲ ಹೇಳಲು ಇನ್ನೂ ಒಂದು ಮಳೆಗಾಲ ಕಳೆಯಬೇಕು.

ಕಳೆದ ಸೆಪ್ಟೆಂಬರ್‌ನಲ್ಲಿ ಕಾರವಾರದ ಲೀಯಾನಮ್ ಅನ್ನು ವಾಪಸ್ ಘಟ್ಟ ಹತ್ತಿಸಿದೆ. ಅವಳಿಗೆ ಕೊಡಲು ಮನಸ್ಸಿರಲಿಲ್ಲ, ಬದಲಿಗೆ ಚೇತರಿಸಿಕೊಂಡ ಮೌಡಿಯೆಯನ್ನು ಕೊಟ್ಟು ಬಂದೆ. ಡಿಸೆಂಬರ್‌ನ ಮೂರನೇ ವಾರ, ನಾಲ್ಕು ರಾತ್ರಿ ಸತತ 13 ಡಿಗ್ರಿ ಇತ್ತು. ಅದಾಗಿ ಕೆಲವು ದಿನಕ್ಕೆ ನಡುವಿನ ಎರಡು ಎಲೆಯ ಸಂದಿಯಲ್ಲಿ ಏನೋ ಕಂಡಂತಾಗಿ ಟಾರ್ಚ್ ಬಿಟ್ಟು ನೋಡಿದೆ. ಶೇಂಗಾ ಬೀಜದಷ್ಟು ದಪ್ಪ, ತುದಿಯಲ್ಲಿ ಸಣ್ಣ ರೋಮ, ಹಸಿರು ಹೊದಿಕೆಯೊಳಗೆ ಮೊಗ್ಗು. ಈಗ ಅದು ನಾಲ್ಕು ಬೆರಳು ಮೇಲೆದ್ದಿದೆ. ಬಸವನಹುಳು ಇಂಥ ಮೊಗ್ಗನ್ನು ಒಂದೇ ರಾತ್ರಿಯಲ್ಲಿ ತಿಂದುಹಾಕುತ್ತದೆ, ಹಾಗಾಗಿ ಮಲಗುವ ಮೊದಲು ಒಮ್ಮೆ, ನಸುಕಿನಲ್ಲಿ ಒಮ್ಮೆ ಟಾರ್ಚ್ ಹಿಡಿದು ಕುಂಡದ ಸುತ್ತ ನೋಡುತ್ತೇನೆ. ತಂಗಿ ದಿನಾ ಫೋಟೋ ಕೇಳುತ್ತಾಳೆ.