ಐದು ಡಾಲರಿನ ಪರಕಾರ, ಹದಿನೈದು ಡಾಲರಿನ ಜಾಕೆಟ್

ಅಮೆರಿಕದ ಮಿನೆಸೋಟಕ್ಕೆ ಬಂದ ವರ್ಷ ಮಗನ ಶಾಲೆಯಿಂದ ಒಂದು ಚೀಟಿ ಬಂತು. ದಪ್ಪ ಜಾಕೆಟ್, ಸ್ನೋ ಪ್ಯಾಂಟ್, ಸ್ನೋ ಬೂಟು, ಟೋಪಿ, ಕೈಗವಸು, ಇಷ್ಟೂ ಇದ್ದರೆ ಮಾತ್ರ ಮಕ್ಕಳನ್ನು ಹಿಮದಲ್ಲಿ ಆಟಕ್ಕೆ ಬಿಡುತ್ತಾರಂತೆ. ನಾನು ಗದಗಿನವಳು. ಡಿಸೆಂಬರಿನಲ್ಲಿ ಬೆಳಿಗ್ಗೆ ಸ್ವೆಟರ್ ಹಾಕಿ ಕಳಿಸಿದರೆ ಮಧ್ಯಾಹ್ನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬರುವ ಊರು ನಮ್ಮದು. ಮಾಲ್‌ಗೆ ಹೋಗಿ ವಿಚಾರಿಸಿದೆವು. ಜಾಕೆಟ್ 90 ಡಾಲರ್, ಪ್ಯಾಂಟ್ 45, ಬೂಟು 55. ಒಬ್ಬರಿಗೆ 190, ಮಗ ಮಗಳು ಇಬ್ಬರಿಗೂ ಸೇರಿ 380. ಅದೂ ಒಂದೇ ಚಳಿಗಾಲಕ್ಕೆ. ಎಂಟು ವರ್ಷದ ಹುಡುಗ ಮಾರ್ಚ್ ಬರುವಷ್ಟರಲ್ಲಿ ಮಣಿಕಟ್ಟು ತೋರಿಸಿಕೊಂಡು ನಿಂತಿರುತ್ತಾನೆ. ನಮ್ಮ ಮನೆಯವರು ಅಲ್ಲೇ ನಿಂತು ರೂಪಾಯಿ ಲೆಕ್ಕ ಹಾಕತೊಡಗಿದರು. ಹೊಸದಾಗಿ ಬಂದವರಿಗೆಲ್ಲ ಈ ಕಾಯಿಲೆ ಒಂದಷ್ಟು ದಿನ ಇರುತ್ತದೆ.

ಪಕ್ಕದ ಅಪಾರ್ಟ್‌ಮೆಂಟಿನ ತೆಲುಗು ಅಕ್ಕ ನಮ್ಮನ್ನು ಗುಡ್‌ವಿಲ್ ಎಂಬ ಥ್ರಿಫ್ಟ್ ಸ್ಟೋರಿಗೆ, ಅಂದರೆ ಜನ ಕೊಟ್ಟ ಹಳೆ ಬಟ್ಟೆ ಸಾಮಾನು ಮಾರುವ ಅಂಗಡಿಗೆ, ಕರೆದುಕೊಂಡು ಹೋದರು. ಥ್ರಿಫ್ಟ್ ಸ್ಟೋರ್ ಎಂದರೆ ಕತ್ತಲು ಕೋಣೆಯಲ್ಲಿ ಗಂಟು ಬಿಚ್ಚಿ ಸುರಿದ ಬಟ್ಟೆ ಎಂದುಕೊಂಡಿದ್ದೆ. ನೋಡಿದರೆ ಸೂಪರ್ ಮಾರ್ಕೆಟ್‌ನಂಥ ದೊಡ್ಡ ಹಾಲ್, ಟ್ಯೂಬ್‌ಲೈಟ್ ಬೆಳಕು, ಮಕ್ಕಳದು ಒಂದು ಕಡೆ, ಗಂಡಸರದು ಒಂದು ಕಡೆ, ಎಲ್ಲವೂ ಸೈಜಿನ ಪ್ರಕಾರ ತೂಗುಹಾಕಿದ್ದು. 1902ರಲ್ಲಿ ಬಾಸ್ಟನ್ನಿನ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ, ಉಳ್ಳವರ ಮನೆಗಳಿಂದ ಹಳೆ ಬಟ್ಟೆ ಸಾಮಾನು ಕೂಡಿಸಿ, ಕೆಲಸವಿಲ್ಲದ ಬಡವರಿಂದ ರಿಪೇರಿ ಮಾಡಿಸಿ ಮಾರಿದ್ದು ಇದರ ಮೂಲ. ಇವತ್ತಿಗೂ ಬಂದ ಹಣ ಕೆಲಸದ ತರಬೇತಿಗೆ ಹೋಗುತ್ತದೆ.

ಮೊದಲ ದಿನದ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಜಾಕೆಟ್ 14.99 ಮತ್ತು 12.99, ಎರಡು ಸ್ನೋ ಪ್ಯಾಂಟ್ 7.99 ಮತ್ತು 6.99. ಮಿನೆಸೋಟದಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಹಾಗಾಗಿ ಚೀಟಿಯಲ್ಲಿದ್ದಷ್ಟೇ ಕೊಟ್ಟೆವು. ಒಟ್ಟು 42.96.

ಆ ಹದಿನೈದು ಡಾಲರಿನ ಜಾಕೆಟ್ಟಿನ ಬಗ್ಗೆ ಹೇಳಲೇಬೇಕು. ಕೊಲಂಬಿಯಾ ಕಂಪನಿಯದು, ಕಡುನೀಲಿ. ಒಳಗಿನ ಲೇಬಲ್ಲಿನ ಮೇಲೆ ಯಾವುದೋ ಹುಡುಗನ ಹೆಸರು ಮಾರ್ಕರ್‌ನಿಂದ ಬರೆದಿತ್ತು, ಜೇಬಿನಲ್ಲಿ ಒಂದೇ ಒಂದು ಕೈಗವಸು. ತೋಳಿನ ಒಳಭಾಗ ತಿರುವಿ ನೋಡುವಾಗ ಅಕ್ಕ ಒಂದು ಬಣ್ಣದ ದಾರ ತೋರಿಸಿದರು. ತೋಳಿನ ಬಟ್ಟೆಯನ್ನು ಒಳಗೆ ಮಡಿಚಿ ಆ ದಾರದಿಂದ ಹೊಲಿದಿರುತ್ತಾರೆ. ಮಗು ಬೆಳೆದಂತೆ ದಾರ ಕತ್ತರಿಸಿದರೆ ತೋಳು ಇನ್ನಷ್ಟು ಉದ್ದವಾಗುತ್ತದೆ. ಸ್ನೋ ಪ್ಯಾಂಟಿನ ಕಾಲಿಗೂ ಹೀಗೇ. ಹಳೆ ಜಾಕೆಟ್ ಕೊಳ್ಳುವಾಗ ನಾನು ಮೊದಲು ನೋಡುವುದು ಈ ದಾರವನ್ನೇ. ಕತ್ತರಿಸಿರದಿದ್ದರೆ ಎರಡು ಚಳಿಗಾಲ ಬರುತ್ತದೆ. ಮಗನ ಜಾಕೆಟ್ಟಿನದು ಕತ್ತರಿಸಿರಲಿಲ್ಲ.

ಅವ್ವನಿಗೆ ವಿಡಿಯೋ ಕಾಲಿನಲ್ಲಿ ಖುಷಿಯಿಂದ ತೋರಿಸಿದೆ. ಆಕೆಯ ಮುಖ ಸಣ್ಣದಾಯಿತು. "ಯಾರ್ಯಾರೋ ಹಾಕ್ಕೊಂಡು ಬಿಟ್ಟ ಅರಬಿ ನಮ್ಮ ಹುಡುಗರಿಗ್ಯಾಕವಾ? ಅಷ್ಟ ರೊಕ್ಕದ ಅಡಚಣಿ ಐತೇನು? ಸತ್ತವರ ಮೈಮ್ಯಾಗಿಂದಿದ್ರ?" ಅಪ್ಪ ಪಕ್ಕದಲ್ಲಿ ಪೇಪರ್ ಓದುತ್ತಾ "ಹತ್ತು ಸಾವಿರ ಮೈಲಿ ದೂರ ದೆವ್ವ ಬರಂಗಿಲ್ಲ ಬಿಡ" ಅಂದರು. ಅವ್ವನ ಮಾತಿಗೆ ನನ್ನಲ್ಲಿ ಉತ್ತರ ಇತ್ತು, ಹೇಳಲಿಲ್ಲ. ಇದೇ ಅವ್ವ ದೊಡ್ಡಪ್ಪನ ಮಗಳ ಫ್ರಾಕುಗಳಲ್ಲಿ ನನ್ನನ್ನು ಬೆಳೆಸಿದಾಕೆ. ಹಳೆ ಪತ್ತಲಗಳನ್ನು ಪದರ ಪದರ ಇಟ್ಟು ಅಜ್ಜಿ ಹೊಲಿದ ಕೌದಿಯಲ್ಲಿ ನಾವೆಲ್ಲ ಮಲಗಿದ್ದೇವೆ. ಸ್ಟೀಲ್ ಪಾತ್ರೆಯವಳು ಓಣಿಗೆ ಬಂದರೆ ಅಪ್ಪನ ಪ್ಯಾಂಟು ಕೊಟ್ಟು ಡಬ್ಬಿ ತಗೊಳ್ಳಲು ಅರ್ಧ ತಾಸು ಚೌಕಾಸಿ ನಡೆಯುತ್ತಿತ್ತು. ಆ ಪ್ಯಾಂಟನ್ನೂ ಯಾರೋ ಎಲ್ಲೋ ಹಾಕಿಕೊಂಡೇ ಇರುತ್ತಾರೆ. ಕೊಡುವ ಕಡೆ ನಿಂತಾಗ ಮೈಲಿಗೆ ಕಾಣಿಸುವುದಿಲ್ಲ, ಅಷ್ಟೇ.

ಆದರೂ ಅವ್ವನ ಹೆದರಿಕೆಯಲ್ಲಿ ಒಂದು ಸತ್ಯ ಇದೆ: ತಿಗಣೆ. ತಂದ ಬಟ್ಟೆಯ ಚೀಲವನ್ನು ನಾನು ಹಾಸಿಗೆಯ ಮೇಲಿರಲಿ, ಸೋಫಾದ ಮೇಲೂ ಇಡುವುದಿಲ್ಲ. ಬಾಗಿಲಿನಿಂದ ನೇರ ಡ್ರೈಯರಿಗೆ. ಒಗೆಯುವ ಮೊದಲೇ, ಒಣಗಿದ್ದಾಗಲೇ, ಹೆಚ್ಚು ಶಾಖದಲ್ಲಿ ಅರ್ಧ ತಾಸು ತಿರುಗಿಸಿದರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಆಮೇಲೆ ವಾಷಿಂಗ್ ಮಷಿನ್. ಹಕ್ಕಿಯ ತುಪ್ಪಳ ತುಂಬಿದ ಜಾಕೆಟ್ ಆದರೆ ಮತ್ತೆ ಒಣಗಿಸುವಾಗ ಎರಡು ಟೆನಿಸ್ ಚೆಂಡು ಒಳಗೆ ಹಾಕುತ್ತೇನೆ. ಇಲ್ಲದಿದ್ದರೆ ತುಪ್ಪಳ ಗಂಟುಕಟ್ಟಿ ಮುದ್ದೆಯಾಗುತ್ತದೆ. ಡಬಡಬ ಸದ್ದಿಗೆ ಕೆಳಗಿನ ಮನೆಯವರು ಏನೆಂದುಕೊಳ್ಳುತ್ತಾರೋ.

ಬೂಟಿನಲ್ಲಿ ಮಾತ್ರ ಪೆಟ್ಟು ತಿಂದೆ. ಅದು ಬೇರೆ ಅಂಗಡಿ, ಹೆಸರು ಬೇಡ. ಇಬ್ಬರಿಗೂ ಬೂಟು ಸಿಕ್ಕಿತು, 9.99 ಮತ್ತು 8.99. ಮಗನದಂತೂ ಹೊಚ್ಚ ಹೊಸದರಂತೆ, ಅಟ್ಟೆಯಲ್ಲಿ ಒಂದು ಗೀರೂ ಇಲ್ಲ. ಯಾರೋ ಕೊಂಡು ಹಾಕದೇ ಇಟ್ಟಿದ್ದಾರೆ, ನಮ್ಮ ಅದೃಷ್ಟ ಎಂದು ಹಿಗ್ಗಿದೆ. ಜನವರಿಯಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದ ಒಂದು ದಿನ, ಶಾಲೆಯಿಂದ ಫೋನು: ನಿಮ್ಮ ಮಗನ ಬೂಟಿನ ಅಟ್ಟೆ ಕಳಚಿ ಬಿದ್ದಿದೆ. ಹೋಗಿ ನೋಡಿದರೆ ಅಟ್ಟೆಯ ಮಧ್ಯದ ಪದರ ಹಳೆಯ ರಸ್ಕಿನ ಹಾಗೆ ಪುಡಿಪುಡಿ. ಮಗ ಟೀಚರ್ ಕೊಟ್ಟ ಪ್ಲಾಸ್ಟಿಕ್ ಚೀಲ ಕಾಲಿಗೆ ಕಟ್ಟಿಕೊಂಡು ಕೂತಿದ್ದ, ಮಹಾ ಖುಷಿಯಲ್ಲಿ.

ಆಮೇಲೆ ತಿಳಿಯಿತು. ಪಾಲಿಯುರೆಥೇನ್ ಅಟ್ಟೆ ಗಾಳಿಯ ತೇವಕ್ಕೆ ಒಳಗೊಳಗೇ ಸಡಿಲವಾಗುತ್ತಾ ಹೋಗುತ್ತದೆ. ಹಾಕದೇ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಅದರ ಪಾಡು ಅಷ್ಟೇ. ಅಂದರೆ ಹೊಸದರಂತೆ ಕಾಣುವ ಹಳೆ ಬೂಟನ್ನೇ ಹೆಚ್ಚು ಅನುಮಾನಿಸಬೇಕು. ಈಗ ಹೆಬ್ಬೆರಳಿನಿಂದ ಅಟ್ಟೆ ಒತ್ತಿ, ಬೂಟನ್ನು ಬಗ್ಗಿಸಿ ನೋಡದೇ ತಗೊಳ್ಳುವುದಿಲ್ಲ. ಬಿರುಕು ಬಂದರೆ ಅಲ್ಲೇ ವಾಪಸ್. ಅವತ್ತು ಸಂಜೆ 55 ಡಾಲರಿನ ಹೊಸ ಬೂಟು ಕೊಂಡೆವು. ಅದೂ ಸೇರಿ ಆ ಚಳಿಗಾಲ ನಮಗೆ ಸುಮಾರು 117 ಡಾಲರಿನಲ್ಲಿ ಮುಗಿಯಿತು. 380ರ ಮುಂದೆ ಇದು ಏನೂ ಅಲ್ಲ ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು "ಚೀಲ ಕಟ್ಟಿಕೊಂಡಿದ್ದಕ್ಕೆ ಎಷ್ಟು?" ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಇನ್ನೊಂದು ಎಚ್ಚರಿಕೆ, ಟೋಪಿಯ ದಾರದ್ದು. 1996ರಲ್ಲಿ ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಚಿಕ್ಕ ಮಕ್ಕಳ ಜಾಕೆಟ್ಟಿನ ಟೋಪಿಗೆ, ಕೊರಳಿಗೆ ಎಳೆದು ಕಟ್ಟುವ ದಾರ ಬೇಡ ಎಂದು ಮಾರ್ಗಸೂಚಿ ತಂದಿತು. ಜಾರುಬಂಡೆಯಂಥದಕ್ಕೆ ಸಿಕ್ಕಿಕೊಂಡು ಮಕ್ಕಳ ಜೀವ ಹೋಗಿತ್ತು. ಅದಕ್ಕೂ ಹಳೆಯ ಜಾಕೆಟ್ಟುಗಳು ಈಗಲೂ ಕೈಗೆ ಬರುವುದುಂಟು. ನಾನು ದಾರ ಎಳೆದು ತೆಗೆದೇ ಹಾಕಿಸುತ್ತೇನೆ. ಹೆಲ್ಮೆಟ್, ಕಾರಿನ ಮಕ್ಕಳ ಸೀಟು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ. ಒಮ್ಮೆ ಪೆಟ್ಟು ತಿಂದಿದ್ದರೂ ಹೊರಗೆ ಕಾಣುವುದಿಲ್ಲ.

ದೊಡ್ಡವರ ಬಟ್ಟೆಗೆ ನನ್ನ ಅಂಕ ಕಡಿಮೆ. ನಮ್ಮ ಮನೆಯವರ ಎತ್ತರಕ್ಕೆ ಇಲ್ಲಿನ ಪ್ಯಾಂಟುಗಳು ನಾಲ್ಕು ಬೆರಳು ಉದ್ದ. ಆಲ್ಟರೇಷನ್‌ಗೆ ಕೊಟ್ಟರೆ ಪ್ಯಾಂಟಿಗಿಂತ ಹೊಲಿಗೆಯೇ ದುಬಾರಿ. ಒಂದು ಉಣ್ಣೆಯ ಓವರ್‌ಕೋಟು ಮಾತ್ರ ಚೆನ್ನಾಗಿ ಸಿಕ್ಕಿತು, 19.99. ಬೆನ್ನಿಗೆ ನುಸಿ ಕೊರೆದ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ತಂದೆ. ನನಗೆ? ನನಗೆ ಬೇಡದ್ದೇ ಹೆಚ್ಚು ಬಂತು. ಈ ಅಂಗಡಿಗಳ ನಿಜವಾದ ಅಪಾಯ ಅದು. ಹಲವು ಕಡೆ ಬೆಲೆಚೀಟಿಗೆ ವಾರಕ್ಕೊಂದು ಬಣ್ಣ. ಹಳೆಯದಾದ ಬಣ್ಣದ ಚೀಟಿಯಿದ್ದ ಬಟ್ಟೆಗೆ ಆ ವಾರ ಅರ್ಧ ಬೆಲೆ. ಹಸಿರು ಚೀಟಿ ಕಂಡರೆ ಸಾಕು, ಕೈ ತಾನಾಗಿ ಹೋಗುತ್ತಿತ್ತು. ಮೂರು ಡಾಲರಿಗೆ ಒಂದರಂತೆ ಕೊಂಡ ಏಳು ಟಾಪುಗಳಲ್ಲಿ ಎರಡನ್ನು ಹಾಕಿದ್ದೇನೆ. ಉಳಿದವನ್ನು ಅದೇ ಅಂಗಡಿಗೆ ದಾನ ಕೊಟ್ಟು ಬಂದೆ. ಈಗ ಚೀಟಿ ಬರೆದುಕೊಂಡೇ ಹೋಗುತ್ತೇನೆ, ಸ್ನೋ ಪ್ಯಾಂಟಿಗಾಗಿ ಸೆಪ್ಟೆಂಬರಿನಲ್ಲೇ. ಅಕ್ಟೋಬರ್ ದಾಟಿತೆಂದರೆ ಒಳ್ಳೆಯ ಸೈಜುಗಳೆಲ್ಲ ಮಾಯ.

ಮಾರಾಟವಾಗದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ದೊಡ್ಡ ಕಥೆಯೇ ಇದೆ. ಒಂದಷ್ಟು ತೂಕದ ಲೆಕ್ಕದಲ್ಲಿ ಮಾರುವ ಔಟ್‌ಲೆಟ್‌ಗೆ, ಅಲ್ಲೂ ಉಳಿದದ್ದು ಬೇಲುಗಟ್ಟಿ ಹಡಗಿಗೆ. ಬೇರೆ ಬೇರೆ ದೇಶಗಳ ಹಳೆ ಉಣ್ಣೆ ಬಟ್ಟೆ ನಮ್ಮ ಪಾಣಿಪತ್ತಿಗೆ ಬಂದು, ಅಲ್ಲಿ ಹರಿದು ಎಳೆಯಾಗಿ, ನೂಲಾಗಿ, ಅಗ್ಗದ ಕಂಬಳಿಯಾಗುತ್ತದೆ. 2009ರ ನೆರೆಯಲ್ಲಿ ಮಲಪ್ರಭೆ ದಂಡೆಯ ನಮ್ಮ ಸಂಬಂಧಿಕರಿಗೆ ಸಿಕ್ಕಿದ್ದ ಬೂದು ಕಂಬಳಿ ಇನ್ನೂ ಅವರ ಅಟ್ಟದ ಮೇಲಿದೆ. ಅದರಲ್ಲಿ ಎಷ್ಟು ಊರಿನ ಕೋಟುಗಳಿವೆಯೋ ಯಾರು ಬಲ್ಲರು.

ಹೋದ ಅಕ್ಟೋಬರಿನಲ್ಲಿ ಹ್ಯಾಲೋವೀನ್‌ಗೆಂದು ಒಂದು ಅಂಗಡಿಯಲ್ಲಿ ವೇಷದ ಬಟ್ಟೆಗಳನ್ನೆಲ್ಲ ಬೇರೆ ಸಾಲಿಗೆ ಹಾಕಿದ್ದರು. ಮಾಟಗಾತಿಯ ಕರಿ ಗೌನಿಗೂ ಕಡಲ್ಗಳ್ಳನ ಅಂಗಿಗೂ ನಡುವೆ ಒಂದು ರೇಷ್ಮೆ ಪರಕಾರ ಪೋಲಕ, ಅಂದರೆ ಲಂಗ ರವಿಕೆ. ಎಲೆಹಸಿರು, ಕೆಂಪಂಚು, 4.99. ಐದು ವರ್ಷದ ಮಗಳ ಸೊಂಟಕ್ಕೆ ಹಿಡಿದು ನೋಡಿದೆ, ಪಾದ ಮುಚ್ಚಿ ನೆಲಕ್ಕೆ ತಾಗಿತು. ಮನೆಗೆ ತಂದು ಕ್ಯಾಮೆರಾ ಮುಂದೆ ಹಿಡಿದೆ. ಅವ್ವ ಈ ಸಲ ಯಾರದು, ಸತ್ತವರದಾ, ಕೇಳಲಿಲ್ಲ. ಕನ್ನಡಕ ಏರಿಸಿ, "ಕೆಳಗ ತಿರುವಿ ತೋರಸು" ಅಂದಳು. ಅಂಚಿನ ಮೇಲೆ ಒಳಗಡೆ ಮೂರು ಮಡಿಕೆ ಹಾಕಿದ ಗುರುತಿತ್ತು. ಎರಡನ್ನು ಬಿಚ್ಚಿಯಾಗಿತ್ತು, ಹೊಲಿಗೆಯ ತೂತು ಮಾತ್ರ ಸಾಲಾಗಿ ಉಳಿದಿದ್ದವು. ಮೂರನೆಯದು ಹಾಗೇ ಇತ್ತು.

"ಯುಗಾದಿಗೆ ಎರಡು ಮಡಿಕಿ ಮತ್ತ ಹಾಕಿ ಹೊಲಿ," ಅಂದಳು ಅವ್ವ. "ಕೈಹೊಲಿಗಿ ಹಾಕು, ಮಷಿನ್ ಬ್ಯಾಡ. ಬಿಚ್ಚೋಮುಂದ ರೇಷ್ಮಿ ಹರೀತೈತಿ."