ಶಿರಸಿಯ ಒಂದು ಮಧುಮೇಹ ಚಿಕಿತ್ಸಾಲಯ: ವಿವರಣೆಗೆ ಪೂರ್ಣ ಅಂಕ, ಆಹಾರಪಟ್ಟಿಗೆ ಇಲ್ಲ

ಶಿರಸಿ ಪೇಟೆಯ ಈ ಖಾಸಗಿ ಮಧುಮೇಹ ಚಿಕಿತ್ಸಾಲಯಕ್ಕೆ ಹೋಗಬಹುದೇ ಎಂದು ಯಾರಾದರೂ ಕೇಳಿದರೆ, ಅಲ್ಲಿ ಶನಿವಾರ ನಡೆಯುವ ಮಾಹಿತಿ ತರಗತಿಗಾಗಿಯಾದರೂ ಹೋಗಿ ಎನ್ನುತ್ತೇನೆ. ಅಲ್ಲಿಯ ವೈದ್ಯರು ಬೊಜ್ಜು ಮತ್ತು ಮಧುಮೇಹದಲ್ಲಿ ಜೀವಕೋಶಗಳ ಸಂದೇಶ ವ್ಯವಸ್ಥೆ ಹೇಗೆ ಕೆಡುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮುಗಿದ ಬಳಿಕವೂ ಸಂಶೋಧನೆ ನಡೆಸಿ ಊರಿಗೆ ಮರಳಿದವರು.

ಇನ್ಸುಲಿನ್ ಸಕ್ಕರೆಯನ್ನು ತಾನೇ ಹೊತ್ತು ಒಳಗೆ ಒಯ್ಯುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೆವು. ಅದು ಜೀವಕೋಶದ ಹೊರಪೊರೆಯಲ್ಲಿರುವ, ಸಂದೇಶ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ, ಗ್ರಾಹಕವು ಒಳಬದಿಯ ಐಆರ್‌ಎಸ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ, ಅಲ್ಲಿಂದ ಸಂದೇಶವು ಪಿಐ3-ಕೈನೇಸ್ ಹಾಗೂ ಎಕೆಟಿ ಎಂಬ ಕಿಣ್ವಗಳ ಮೂಲಕ ಸಾಗಿದ ಮೇಲಷ್ಟೇ ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಗ್ಲುಟ್-4 ಎಂಬ ವಾಹಕವು ಪೊರೆಗೆ ಬಂದು ಸಕ್ಕರೆಯನ್ನು ಒಳಕ್ಕೆ ಬಿಡುತ್ತದೆ ಎಂಬುದನ್ನು ಅವರು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರು. ಮರವೇರಿ ಅಡಿಕೆ ಕೊಯ್ಯುವ ಕೊನೆಗೌಡ ಎಷ್ಟು ಕೂಗಿದರೂ ಕೆಳಗೆ ಹಗ್ಗ ಹಿಡಿದವನು ಗಮನಿಸದಿದ್ದರೆ ಅಡಿಕೆಕೊನೆ ಇಳಿಯುವುದಿಲ್ಲ, ಇನ್ಸುಲಿನ್ ಇದ್ದರೂ ಕೋಶಗಳು ಅದರ ಮಾತು ಕೇಳದ ಇನ್ಸುಲಿನ್ ಪ್ರತಿರೋಧವೂ ಹಾಗೆಯೇ ಎಂದಾಗ ಹಿಂದಿನ ಬೆಂಚಿನ ತೋಟಿಗರೆಲ್ಲ ತಲೆಯಾಡಿಸಿದರು.

ಬೊಜ್ಜಿನ ಪಾತ್ರವನ್ನು ವಿವರಿಸಿದ ಭಾಗ ಇನ್ನೂ ಚೆನ್ನಾಗಿತ್ತು. ಬೊಜ್ಜು ಬೆಳೆದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನ್ ಹೆಚ್ಚಿರುವುದನ್ನು 1993ರಲ್ಲಿ ಸಂಶೋಧಕರು ತೋರಿಸಿದರು. ಮರುವರ್ಷ, ಕೊಬ್ಬಿನ ಕೋಶಗಳೇ ಸ್ರವಿಸುವ, ಹಸಿವನ್ನು ತಗ್ಗಿಸುವ ಲೆಪ್ಟಿನ್ ಹಾರ್ಮೋನಿನ ವಂಶವಾಹಿ ಪತ್ತೆಯಾಯಿತು. ಬೊಜ್ಜಿನಿಂದ ಹುಟ್ಟುವ ಉರಿಯೂತವು ಐಆರ್‌ಎಸ್ ಪ್ರೋಟೀನಿನ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟುವಂತೆ ಮಾಡಿ ಸಂದೇಶವನ್ನು ನಡುದಾರಿಯಲ್ಲೇ ತಡೆಯುತ್ತದೆ. ಹೊಟ್ಟೆಯ ಬೊಜ್ಜಿನಿಂದಲೇ ಈ ತೊಂದರೆ ಹೆಚ್ಚಾದ್ದರಿಂದ, ತೂಕದ ಯಂತ್ರವನ್ನಷ್ಟೇ ನಂಬದೆ ಅವರು ಎಲ್ಲರ ಸೊಂಟದ ಸುತ್ತಳತೆಯನ್ನೂ ತೆಗೆಯುತ್ತಾರೆ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ಹಂಗಿಲ್ಲದೆ ಬೇರೊಂದು ದಾರಿಯಿಂದಲೂ ಗ್ಲುಟ್-4 ಪೊರೆಗೆ ಬರುತ್ತದೆ. ಊಟದ ನಂತರ ನಡೆಯಿರಿ ಎಂಬ ಹಳೆಯ ಸಲಹೆಗೆ ಇಂಥ ಕಾರಣವಿದೆ ಎಂದು ನನಗೆ ಬೇರೆಲ್ಲೂ ಯಾರೂ ಹೇಳಿರಲಿಲ್ಲ. "ತೋಟಕ್ಕೆ ಇಳಿದು ಹತ್ತುವುದೂ ಲೆಕ್ಕಕ್ಕೆ ಬರುತ್ತದೆಯೇ ಡಾಕ್ಟ್ರೇ?" ಎಂದು ಹಿರಿಯರೊಬ್ಬರು ಕೇಳಿದರು. "ಬರುತ್ತದೆ ರಾಯರೇ, ಉಂಡು ಕವಳ ಹಾಕಿ ಜಗುಲಿಯಲ್ಲಿ ಕೂರುವುದು ಮಾತ್ರ ಬರುವುದಿಲ್ಲ" ಎಂಬ ಉತ್ತರ ಬಂತು.

ಔಷಧ, ಶುಲ್ಕ ಎರಡರಲ್ಲೂ ದೂರುವಂಥದ್ದಿಲ್ಲ. ಎಚ್‌ಬಿಎ1ಸಿ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಪರೀಕ್ಷೆಯಾದ್ದರಿಂದ ಅದನ್ನು ತಿಂಗಳು ತಿಂಗಳು ಮಾಡಿಸುವುದಿಲ್ಲ.

ಇಷ್ಟು ಬಲ್ಲವರ ಚಿಕಿತ್ಸಾಲಯದಲ್ಲಿ ಕೊಡುವ ಅಚ್ಚಿನ ಆಹಾರಪಟ್ಟಿ ಮಾತ್ರ ಯಾವುದೋ ಮಹಾನಗರದಿಂದ ಬಂದಂತಿದೆ. ಓಟ್ಸ್, ಬ್ರೌನ್ ಬ್ರೆಡ್, ಪನೀರ್ ಎಲ್ಲ ಇವೆ. ಕುಚ್ಚಲಕ್ಕಿ ಗಂಜಿ ಎಷ್ಟು ಉಣ್ಣಬಹುದು ಎಂಬುದಿಲ್ಲ, ತಂಬುಳಿಯಿಲ್ಲ, ಕರಾವಳಿಯವರ ಬಂಗಡೆಯೂ ಇಲ್ಲ. ಜೋನಿಬೆಲ್ಲ ಸಕ್ಕರೆಯಲ್ಲವೆಂದು ನಂಬಿ ದೋಸೆಗೆ ಧಾರಾಳವಾಗಿ ಸುರಿದುಕೊಳ್ಳುವ ನಮ್ಮಂಥ ಸೀಮೆಗೆ ಅದೂ ಸಕ್ಕರೆಯೇ ಎಂಬ ಒಂದು ಸಾಲಾದರೂ ಬೇಕಿತ್ತು.

ಪ್ರಯೋಗಾಲಯವೂ ತಡವಾಗಿ ತೆರೆಯುತ್ತದೆ. ಕುಮಟಾದಿಂದ ಬರಿಹೊಟ್ಟೆಯಲ್ಲಿ ದೇವಿಮನೆ ಘಟ್ಟ ಹತ್ತಿ ಬರುವವರು ರಕ್ತ ಕೊಡಲು ಮತ್ತೆ ಕಾಯಬೇಕಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಹಸಿವು ಅಪಾಯಕಾರಿಯಾದ್ದರಿಂದ, ಬೆಳಗಿನ ಡೋಸ್ ಬಗ್ಗೆ ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿ, ತಿಂಡಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು.